ಗಂಟೆ ಬಾರಿಸಲಿ ಎಂದಿದ್ದರು

ಫೆಬ್ರುವರಿ ೨೦, ೧೯೮೫. ಬೂದಿ ಬುಧವಾರ

ಇವತ್ತು ಉಪವಾಸ. ಮಧ್ಯಾಹ್ನ ಒಂದೇ ಊಟ, ಬೆಳ್ಳುಳ್ಳಿ ಸಾರಿನಲ್ಲಿ ನೆನೆಸಿದ ಹಳೆ ರೊಟ್ಟಿ. ಬೆಳಿಗ್ಗೆ ಎದ್ದು ಮನೆ ಬೆಚ್ಚಗಿಡುವ ನೆಲದಡಿಯ ಒಲೆಗೆ ಹುಲ್ಲು ತುರುಕಿ ಬೆಂಕಿ ಹಚ್ಚಿದೆ. ಕೋಳಿಗಳನ್ನು ಬಿಟ್ಟೆ. ತೊಟ್ಟಿಯ ನೀರು ಹೆಪ್ಪುಗಟ್ಟಿತ್ತು, ಸುತ್ತಿಗೆಯಿಂದ ಒಡೆದೆ. ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚಿದೆ. ಒಂಬತ್ತಕ್ಕೆ ಗೋಪುರ ಹತ್ತಿ ಪೂಜೆಯ ಗಂಟೆ ಬಾರಿಸಿದೆ. ಪಾದ್ರಿ ದೋನ್ ಅಬುಂದಿಯೋ ಐದು ಊರಿಗೆ ಒಬ್ಬರೇ. ಅವಸರದಲ್ಲಿ ಬಂದು, ನಮ್ಮ ಹದಿನಾಲ್ಕು ಹಣೆಗಳಿಗೆ ಬೂದಿ ಹಚ್ಚಿ, ಅವಸರದಲ್ಲೇ ಹೋದರು. ಅಮ್ಮನ ಹಣೆಗೆ ನಾನೇ ಬೆರಳಿನಲ್ಲಿ ತಂದು ಹಚ್ಚಿದೆ.

ಈ ಪುಸ್ತಕ ಕೊಟ್ಟವರು ಟೀಚರು ದೋನ್ಯಾ ಎಲ್ವೀರಾ. ದೊಡ್ಡವರಿಗೆ ಪಾಠ ಹೇಳಲು ಮಂಗಳವಾರ, ಗುರುವಾರ ಸಂಜೆ ಐದಕ್ಕೆ ಹಳೆ ಶಾಲೆಯ ಕೋಣೆಗೆ ಬರುತ್ತಾರೆ. ಇಪ್ಪತ್ತಾರು ವರ್ಷ, ವಯ್ಯಾದೊಲಿದ್ ಕಡೆಯವರು. ಎರಡೆರಡು ಪುಸ್ತಕ ಕೊಟ್ಟು, "ಒಂದು ನನಗೆ ತೋರ್ಸೋಕೆ. ಇನ್ನೊಂದು ನಿಮಗೇ. ಅದನ್ನ ನಾನು ಕೇಳೋದೂ ಇಲ್ಲ" ಎಂದರು.

ನಾಲ್ಕು ದಿನದ ಹಿಂದೆ ನನಗೆ ಐವತ್ತು ತುಂಬಿತು. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟವಳು ಈಗ ಯಾಕೆ ಹೋಗುತ್ತೀ ಎಂದು ಊರು ಕೇಳುತ್ತದೆ. ಉತ್ತರ ಇಲ್ಲಿ ಬರೆದಿಡುತ್ತೇನೆ. ಅಮ್ಮ ಬೇಸಿಗೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ದಿನಾ ತಂಗಿಯನ್ನು ಕೇಳುತ್ತಾಳೆ. ತಂಗಿ ಬೆನಿಲ್ದೆ ಮನೆ ಬಿಟ್ಟು ಇಪ್ಪತ್ತೆಂಟು ವರ್ಷವಾಯಿತು. ಅವಳಿಗೆ ಕಾಗದ ಬರೆಯಬೇಕು. ಪಟ್ಟಣದಲ್ಲಿರುವವಳು ಓದಿ ನಗದ ಹಾಗೆ ಬರೆಯಬೇಕು.

ಫೆಬ್ರುವರಿ ೨೧, ಗುರುವಾರ

ಹೊಸ ಪಾಠ. ಹಿಂದೆ ಯಾವಾಗಲೋ ಒಬ್ಬರು ಬಯಸಿದ್ದು, ಹೇಳಿ ಮಾಡಿಸಿದ್ದು, ಆದೀತೆಂದು ಹೆದರಿದ್ದು ಇವುಗಳ ಹಿಂದೆ ಬರುವ ಕ್ರಿಯೆಗೆ ಬೇರೆ ರೂಪ ಇದೆಯಂತೆ. ಮಾತಿನಲ್ಲಿ ಆಡುತ್ತಲೇ ಇದ್ದೇವೆ, ಹೆಸರು ಮಾತ್ರ ಗೊತ್ತಿರಲಿಲ್ಲ.

ಮಾಡುವ ಬಗೆ ಸುಲಭ. 'ಅವರು ಮಾಡಿದರು' ಎಂಬ, ನಡೆದುಹೋದ ಮಾತನ್ನು ಮೊದಲು ತೆಗೆದುಕೊಳ್ಳಬೇಕು. ಅದರ ಬಾಲ ಕತ್ತರಿಸಿ ಹೊಸ ಬಾಲ ಹಚ್ಚಬೇಕು.

"ಕುರಿಮರಿ ಬಾಲ ಕತ್ತರಿಸಿದ ಹಾಗೆ ಅನ್ನಿ" ಎಂದಳು ನನ್ನ ಪಕ್ಕ ಕೂರುವ ಕಸಿಲ್ದಾ. ಅವಳು ನಮ್ಮ ನೆರೆಮನೆಯವಳು, ವಿಧವೆ.

"ಹಾಗೇ. ಆದ್ರೆ ರಕ್ತ ಬರಲ್ಲ" ಎಂದರು ಟೀಚರು.

ದಿನಾ ಮಾಡುವ ಕೆಲಸದ ಒಂದು ಕ್ರಿಯೆ ಆರಿಸಿಕೊಳ್ಳಿ ಎಂದರು. ಕಸಿಲ್ದಾ 'ತೊಳೆಯುವುದು' ಆರಿಸಿದಳು. ಹಿಂದೆ ಕೂರುವ ಗಂಡಸರಿಬ್ಬರು ಆರಿಸಲಿಲ್ಲ, ಅವರು ಬರುವುದು ಕೋಣೆ ಬೆಚ್ಚಗಿದೆ ಎಂದು. ನಾನು 'ಬಾರಿಸುವುದು', ತೊಕಾರ್, ಆರಿಸಿದೆ. ನಾನು ದಿನಕ್ಕೆ ಮೂರು ಸಲ ಗೋಪುರ ಹತ್ತುವವಳು, ಬೇರೆ ಯಾವುದು ಹೊಳೆಯಬೇಕು.

ತೊಕಾರಾ, ತೊಕಾರಾಸ್, ತೊಕಾರಾ, ತೊಕಾರಮೋಸ್, ತೊಕಾರಾಯ್ಸ್, ತೊಕಾರಾನ್. ನಾನು ಬಾರಿಸಲಿ ಎಂದು, ನೀನು ಬಾರಿಸಲಿ ಎಂದು, ಅವಳು ಬಾರಿಸಲಿ ಎಂದು. ನಾವು, ನೀವು, ಅವರು. ನಿಯಮ ಮೀರದ ಕ್ರಿಯೆ, ಒಂದೂ ತಕರಾರಿಲ್ಲ ಎಂದು ಹೊಗಳಿದರು.

ಕಸಿಲ್ದಾ ಬರೆದದ್ದು: 'ಗಂಡ ಪಾತ್ರೆ ತೊಳೆಯಲಿ ಎಂದು ನಾನು ಬಯಸಿದ್ದೆ.' ಬರೆದು ಕೇಳಿದಳು, "ಈ ರೂಪ ಇರೋದು ಯಾವತ್ತೂ ಆಗದೇ ಇರೋ ಕೆಲಸಕ್ಕಾ, ದೋನ್ಯಾ?"

"ಆಗಿರಬಹುದು, ಆಗದೇನೂ ಇರಬಹುದು. ಅದನ್ನ ಈ ರೂಪ ಹೇಳೋದಿಲ್ಲ. ಯಾರೋ ಬಯಸಿದ್ರು, ಯಾರೋ ಹೇಳಿದ್ರು ಅಷ್ಟೇ."

'ಬಾರಿಸಿದ್ದರೆ' ಎಂಬ ಕಡೆ 'ತೊಕಾರಾ' ಬಿಟ್ಟು ನಾವೆಲ್ಲ 'ತೊಕಾರಿಯಾ' ಎಂದು ಬರೆದಿದ್ದೆವು. ನಾಲ್ಕೂ ಪುಸ್ತಕದಲ್ಲಿ ಕೆಂಪು ಗೆರೆ. ಈ ಬುರ್ಗೋಸ್ ಸೀಮೆಯವರೆಲ್ಲ ಇದೊಂದು ತಪ್ಪು ಮಾಡುತ್ತಾರೆ, ಪೇಟೆಯ ಡಾಕ್ಟರು ಕೂಡ, ಎಂದರು.

"ನಮ್ಮಜ್ಜಿ, ಮುತ್ತಜ್ಜಿ ಎಲ್ಲ ಹಾಗೇ ಅಂದ್ಕೊಂಡು ಸ್ವರ್ಗಕ್ಕೆ ಹೋದ್ರು. ಅಲ್ಲಿ ಯಾರೂ ಬಾಗಿಲು ಹಾಕ್ಲಿಲ್ಲ" ಎಂದಳು ಕಸಿಲ್ದಾ. ಟೀಚರು ನಕ್ಕರು. ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತು.

ಫೆಬ್ರುವರಿ ೨೬, ಮಂಗಳವಾರ

ಐದು ವಾಕ್ಯ ಬರೆದುಕೊಂಡು ಹೋಗಿದ್ದೆ. ಮೊದಲನೆಯದು: 'ನಾನು ಸಾವಿನ ಗಂಟೆ ಬಾರಿಸಲಿ ಎಂದು ಅಪ್ಪ ಹೇಳಿದ್ದರು.'

ಟೀಚರು ಸರಿ ಗುರುತು ಹಾಕಿ, "ಎಷ್ಟು ಅಚ್ಚುಕಟ್ಟಾದ ವಾಕ್ಯ, ಒನೆಸಿಮಾ! ಒಂದಕ್ಷರ ಆಚೀಚೆ ಇಲ್ಲ. ಯಾರು ತೀರಿಕೊಂಡಿದ್ರು?" ಎಂದರು.

"ತಂಗಿ."

"ಅಯ್ಯೋ, ಪಾಪ."

ನಾನು ಪುಸ್ತಕ ಮಡಚಿಕೊಂಡೆ. ದಾರಿಯಲ್ಲಿ ಕಸಿಲ್ದಾ ಮೆಲ್ಲಗೆ, "ಏನೇ, ಬೆನಿಲ್ದೆನ ಇನ್ನೊಂದ್ಸಲ ಸಾಯಿಸಿದ್ಯಲ್ಲೇ" ಎಂದಳು.

ನಡೆದದ್ದು ಇದು. ಅಪ್ಪ ಇಗರ್ಜಿಯ ಸೇವಕ. ಗಂಡುಮಕ್ಕಳಿಲ್ಲದ್ದಕ್ಕೆ ಗಂಟೆಯ ಹಗ್ಗ ನಮ್ಮಿಬ್ಬರ ಕೈಗೆ ಬಂತು. ಐವತ್ತೇಳರ ಚಳಿಗಾಲದಲ್ಲಿ ಗಂಟೆಯ ಕಬ್ಬಿಣದ ಪಟ್ಟಿ ಸರಿಮಾಡಲು ಕಾರ್ಖಾನೆಗಳ ಪಟ್ಟಣ ಬರಕಾಲ್ದೊದಿಂದ ಒಬ್ಬ ಬಂದಿದ್ದ. ಒಂದು ಭಾನುವಾರವೂ ಪೂಜೆಗೆ ಕೂರದವನು. ಮೂರು ವಾರ ಇದ್ದ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವನೂ ಇಲ್ಲ, ಬೆನಿಲ್ದೆಯೂ ಇಲ್ಲ. ಅವಳಿಗೆ ಇಪ್ಪತ್ತು. ಅಪ್ಪ ಕುರ್ಚಿಯಲ್ಲಿ ಕೂತು, ನನಗೆ ಒಬ್ಬಳೇ ಮಗಳು ಎಂದರು. ಸತ್ತವಳಿಗೆ ಬಾರಿಸುವ ಗಂಟೆ ಬಾರಿಸಲಿ ಎಂದರು. ಬಾರಿಸಲಾಯಿತು. ಹೆಂಗಸಿಗೆ ಎರಡೆರಡು ಏಟು, ಗಂಡಸಿಗೆ ಮೂರು ಮೂರು. ಹೊಲದಲ್ಲಿದ್ದವರು ಟೋಪಿ ತೆಗೆದು ಎರಡು ಎಂದು ಎಣಿಸಿ, ಯಾವ ಹೆಂಗಸು ಹೋದಳು ಎಂದು ಓಡಿ ಬಂದರು. ಬೆನಿಲ್ದೆ ಆಗ ಕೆಳಗಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಕೇಳಿಸಿಕೊಂಡಳು.

ದೇವರ ಚಿತ್ತ ಹಾಗಿತ್ತು.

ಫೆಬ್ರುವರಿ ೨೮, ಗುರುವಾರ

ಕಾಗದ ಕಳಿಸಿದೆ. ಮೊನ್ನೆ ಪಾಠದ ಕೊನೆಗೆ ತೋರಿಸಿದಾಗ, ಸತ್ತ ತಂಗಿಗೆ ಕಾಗದವೇ ಎಂದು ಟೀಚರು ಕೇಳಲಿಲ್ಲ, ಒಂದು ಅಲ್ಪವಿರಾಮ ಬಿಟ್ಟರೆ ಏನೂ ತಿದ್ದಲಿಲ್ಲ. ಇಲ್ಲಿ ನಕಲು:

'ಪ್ರೀತಿಯ ತಂಗಿ, ಅಮ್ಮನ ಆರೋಗ್ಯ ಚೆನ್ನಾಗಿಲ್ಲ. ನೀನು ಬರಲಿ ಎಂದು ಅಮ್ಮ ಬಯಸಿದ್ದಾಳೆ. ಹಿಂದೆ ನಡೆದದ್ದನ್ನು ಮನಸ್ಸಿನಲ್ಲಿಡಬೇಡ. ನಾನು ಬಾರಿಸಲಿ ಎಂದು ಅಪ್ಪ ಹೇಳಿದ್ದರು, ಮಗಳಾಗಿ ನಾನು ಮೀರುವಂತಿರಲಿಲ್ಲ. ಅಪ್ಪ ತೀರಿ ಹದಿನಾಲ್ಕು ವರ್ಷವಾಯಿತು. ದೇವರು ಎಲ್ಲರನ್ನೂ ಕ್ಷಮಿಸಲಿ. ನಿನ್ನ ಅಕ್ಕ, ಒನೆಸಿಮಾ.'

ಅಂಚೆಯವನು ನಮ್ಮ ಗುಡ್ಡ ಹತ್ತುವುದು ಬಿಟ್ಟು ಎರಡು ವರ್ಷವಾಯಿತು. ಕಾಗದಗಳು ಕೆಳಗೆ ದೊಡ್ಡೂರಿನಲ್ಲಿ ಬಿದ್ದಿರುತ್ತವೆ. ರೊಟ್ಟಿ ವ್ಯಾನಿನ ಲೆಸ್ಮೆಸ್ ಮಂಗಳವಾರ, ಗುರುವಾರ, ಶನಿವಾರ ಬರುವಾಗ ತರುತ್ತಾನೆ. ಬೆನಿಲ್ದೆಯ ವಿಳಾಸ ಕೊಟ್ಟವನೂ ಅವನೇ. ಅವನ ಭಾವ ಬರಕಾಲ್ದೊದಲ್ಲಿ ಅವಳದೇ ಬೀದಿಯಲ್ಲಿದ್ದಾನೆ.

"ಕಾಗದನಾ? ನೀನಾ? ಗುಡ್ಡ ಕುಸಿಯುತ್ತೆ ತಾಯಿ ಇವತ್ತು" ಎಂದ ಲೆಸ್ಮೆಸ್. ಲಕೋಟೆಯ ಮೇಲಿನ ಹೆಸರು ಓದಿ ತಮಾಷೆ ನಿಲ್ಲಿಸಿದ. ಜೇಬಿಗೆ ಹಾಕದೆ, ಹಿಟ್ಟು ತಾಗದ ಹಾಗೆ ಸೀಟಿನ ಮೇಲೆ ಇಟ್ಟುಕೊಂಡು ಹೋದ.

ಮಾರ್ಚ್ ೯, ಶನಿವಾರ

ಬಂದಿಲ್ಲ.

ಮಾರ್ಚ್ ೧೪, ಗುರುವಾರ

ಲೆಸ್ಮೆಸ್ ವ್ಯಾನಿನಿಂದ ಇಳಿಯುವ ಮೊದಲೇ ತಲೆ ಅಲ್ಲಾಡಿಸುತ್ತಾನೆ. ನಾನು ಕೇಳುವ ಕಷ್ಟ ತಪ್ಪಲಿ ಎಂದು.

ಅಮ್ಮ ಈಗ ಸಾರು ಮಾತ್ರ ಕುಡಿಯುತ್ತಾಳೆ, ಅದೂ ಅರ್ಧ ಬಟ್ಟಲು. ಅವಳ ಪಕ್ಕ ಕೂತು ನಾಳೆಗೆಂದು ಕಡಲೆ ಆರಿಸುತ್ತಾ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ತೊಕಾರಾ, ತೊಕಾರಾಸ್, ತೊಕಾರಾ.

"ನಮಗಾಗಿ ಪ್ರಾರ್ಥಿಸಿರಿ" ಎಂದಳು ಅಮ್ಮ ಕಣ್ಣು ಮುಚ್ಚಿಕೊಂಡೇ.

"ಜಪ ಅಲ್ಲಮ್ಮ, ಶಾಲೆ ಪಾಠ."

"ಇರ್ಲಿ ಹೇಳು. ಚೆನ್ನಾಗಿದೆ."

ಹೇಳಿದೆ. ನಾವು ಬಾರಿಸಲಿ ಎಂದು. ನಮಗಾಗಿ ಪ್ರಾರ್ಥಿಸಿರಿ. ನೀವು ಬಾರಿಸಲಿ ಎಂದು. ನಮಗಾಗಿ ಪ್ರಾರ್ಥಿಸಿರಿ. ಆರೂ ಮುಗಿದ ಮೇಲೆ ಅಮ್ಮ ಶಿಲುಬೆ ಗುರುತು ಹಾಕಿಕೊಂಡಳು. ಪಾಪವಾಯಿತೇನೋ. ಆದರೆ ಆಮೇಲೆ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮಾರ್ಚ್ ೧೯, ಸಂತ ಜೋಸೆಫರ ಹಬ್ಬ

ಅಪ್ಪನ ಹೆಸರು ಹೊಸೆ, ಅಂದರೆ ಜೋಸೆಫ್. ಅವರ ಹೆಸರಿನ ಹಬ್ಬ. ಗೋರಿಯ ಮೇಲಿನ ಹಿಮ ಗುಡಿಸಿ ಬಂದೆ. ಬಂದು ಅಮ್ಮನ ಕೂದಲು ಬಾಚುತ್ತಿದ್ದೆ. ಎಷ್ಟೋ ವಾರಗಳ ಮೇಲೆ ಇವತ್ತು ಅಮ್ಮನ ತಲೆ ತಿಳಿಯಾಗಿತ್ತು.

"ಬೆನಿಲ್ದೆಗೆ ಬರೆದ್ಯಾ?"

"ಬರೆದೆ ಅಮ್ಮ. ಉತ್ತರ ಇಲ್ಲ."

"ಏನಂತ ಬರೆದೆ?"

ಹೇಳಿದೆ. ಬಾಯಿಪಾಠವಾಗಿತ್ತು. ಅಮ್ಮ ಪೂರ್ತಿ ಕೇಳಿದಳು.

"ನಿಮ್ಮಪ್ಪ ಬಾರಿಸು ಅಂದಿರ್ಲಿಲ್ಲ ಕಣೇ."

ಬಾಚಣಿಗೆ ನಿಲ್ಲಿಸಿದೆ.

"ನಾನು ಅಲ್ಲೇ ಇದ್ದೆ, ಹಿಟ್ಟು ನಾದ್ತಾ. ನನಗೆ ಒಬ್ಬಳೇ ಮಗಳು ಅಂದ್ರು. ಅಷ್ಟೇ ಅಂದಿದ್ದು. ಆ ಮಾತಿನ ಬಿಸಿ ಸಂಜೆವರೆಗೂ ಇರ್ತಿರ್ಲಿಲ್ಲ ಅವರಿಗೆ. ಮೊಳೆಯಿಂದ ಗೋಪುರದ ಬೀಗದ ಕೈ ತೆಗೆದವಳು ನೀನು."

"ಅಮ್ಮ..."

"ಊರೋರು ಅವರನ್ನ ಕಲ್ಲೆದೆಯೋನು ಅಂದ್ರು. ಸಾಯೋವರೆಗೂ ಅಂದ್ರು. ಅವರು ಬಾಯಿ ಬಿಡ್ಲಿಲ್ಲ. ಉಳಿದಿರೋಳು ನೀನೊಬ್ಬಳೇ ಅಂತ."

ಆಮೇಲೆ, ನಾನು ಮತ್ತೆ ಬಾಚಲು ಶುರುಮಾಡಿದ ಮೇಲೆ, "ನಾನೂ ಏನು ಕಡಿಮೆ. ಮೊದಲನೇ ಏಟು ಕೇಳಿಸ್ತು. ಓಡಿ ಬಂದಿದ್ರೆ ಎರಡನೇದನ್ನ ತಡೀಬಹುದಿತ್ತು. ಹಿಟ್ಟು ನಾದ್ತಾನೇ ಇದ್ದೆ" ಎಂದಳು. 'ಬಂದಿದ್ರೆ' ಎಂಬುದನ್ನು ಕಸಿಲ್ದಾಳ ಅಜ್ಜಿ ಅನ್ನುತ್ತಿದ್ದ ಹಾಗೆಯೇ, ನಮ್ಮೆಲ್ಲರ ಆ ತಪ್ಪು ರೂಪದಲ್ಲೇ ಅಂದಳು. ತಿದ್ದಲು ನನಗೆ ಯಾವ ಮುಖ.

ಮಾರ್ಚ್ ೨೦

ಇವತ್ತು ಉಪವಾಸದ ದಿನವಲ್ಲ. ಊಟ ಸೇರಲಿಲ್ಲ.

ಮಾರ್ಚ್ ೨೬, ಮಂಗಳವಾರ

ಐದು ದಿನ ಪುಸ್ತಕ ತೆಗೆಯಲಿಲ್ಲ. ಹಗ್ಗ ಎಳೆಯುವಾಗೆಲ್ಲ ಕೈ ನೋಡಿಕೊಳ್ಳುತ್ತೇನೆ.

ಪ್ರತಿಯೊಬ್ಬರ ಕೈಯೂ ಬೇರೆ. ಅಪ್ಪನ ಎರಡು ಏಟುಗಳ ನಡುವೆ ಒಂದು ನಮೋ ಮರಿಯಾ ನಿಧಾನವಾಗಿ ಹೇಳಿ ಮುಗಿಸಬಹುದಿತ್ತು. ನನ್ನದು ಆತುರದ ಕೈ, ಎರಡನೆಯದು ಪ್ರಾರ್ಥನೆಯ ಅರ್ಧಕ್ಕೇ ಬೀಳುತ್ತದೆ. ಬೆನಿಲ್ದೆಯದು ಎಲ್ಲರಿಗಿಂತ ನಿಧಾನ. ಮೊದಲನೆಯದು ಗುಡ್ಡದಾಚೆ ಇಳಿದು ಹೋಗಲಿ ಎಂದು ಕಾಯುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಇಂಥವಳು ಬಾರಿಸಿದ್ದು ಎಂದು ಊರಿನ ಯಾರು ಬೇಕಾದರೂ ಹೇಳುತ್ತಿದ್ದರು. ರಸ್ತೆಯಲ್ಲಿ ನಿಂತವಳಿಗೆ ಗೊತ್ತಾಗದೇ ಇರುತ್ತದೆಯೇ? ಅಪ್ಪ ಎಂಥವರು ಎಂದೂ ಅವಳಿಗೆ ಗೊತ್ತು. ನನ್ನ ಕಾಗದ ಓದಿ ಅವಳು ಉತ್ತರ ಬರೆಯದೇ ಇದ್ದದ್ದು ಸರಿಯೇ.

ಪಾಠ ಮುಗಿದ ಮೇಲೆ ಟೀಚರನ್ನು ಕೇಳಿದೆ, "ಯಾರೂ ಹೇಳದೆ, ಯಾರೂ ಬಯಸದೆ, ನಾನೇ ಬಾರಿಸಿದ್ರೆ ಅದಕ್ಕೆ ಯಾವ ರೂಪ, ದೋನ್ಯಾ?"

"ಅದಕ್ಕೆ ವಿಶೇಷ ಏನೂ ಬೇಡ ಒನೆಸಿಮಾ. ಅದು ಮೊದಲ ವಾರದ ಪಾಠ. 'ಬಾರಿಸಿದೆ'. ಅಷ್ಟೇ." ಚೀಲಕ್ಕೆ ಪುಸ್ತಕ ತುಂಬುತ್ತಿದ್ದವರು ನಿಲ್ಲಿಸಿದರು. "ಯಾಕೆ?"

"ಆ ಮೊದಲನೇ ವಾಕ್ಯಕ್ಕೆ ಸರಿ ಗುರುತು ಹಾಕಿದ್ರಲ್ಲ. ಅದನ್ನ ಹೊಡೆದುಹಾಕಿ."

"ವಾಕ್ಯ ಸರಿಯಾಗೇ ಇದೆ."

"ವಾಕ್ಯ ಸರಿ ಇದೆ."

ಅವರು ನನ್ನ ಮುಖ ನೋಡಿ, ಕೆಂಪು ಪೆನ್ನು ನನ್ನ ಕೈಗೇ ಕೊಟ್ಟರು. ನಾನೇ ಹೊಡೆದೆ.

ಮಾರ್ಚ್ ೩೧, ಗರಿಗಳ ಭಾನುವಾರ

ಪಾಪನಿವೇದನೆ ಮಾಡಿದೆ. ವರ್ಷವರ್ಷವೂ ಮಾಡುತ್ತೇನೆ. ಮೊಟ್ಟೆ ಒಡೆದದ್ದು, ಕಸಿಲ್ದಾಳ ಮೇಲೆ ಸಿಟ್ಟಾದದ್ದು, ಜಪಸರದ ನಡುವೆ ತೂಕಡಿಸಿದ್ದು. ಇವತ್ತು ಇದನ್ನು ಹೇಳಿದೆ. ದೋನ್ ಅಬುಂದಿಯೋ ಅವರಿಗೆ ಕಿವಿ ಸ್ವಲ್ಪ ಮಂದ.

"ಸತ್ತವರಿಗೆ ಗಂಟೆ ಬಾರಿಸೋದು ಪುಣ್ಯದ ಕೆಲಸ ಮಗಳೇ."

"ಬದುಕಿದ್ದವಳಿಗೆ, ಸ್ವಾಮಿ."

ಪ್ರಾಯಶ್ಚಿತ್ತಕ್ಕೆ ಐದು ಜಪ ಕೊಡುತ್ತಾರೆ ಎಂದುಕೊಂಡಿದ್ದೆ. ಜಪ ಕೊಡಲಿಲ್ಲ.

"ನನಗೆ ಹೇಳಿದ್ದು ಸಾಲದು. ಅವಳಿಗೆ ಹೇಳು" ಎಂದರು.

ಏಪ್ರಿಲ್ ೨, ಮಂಗಳವಾರ

ಟೀಚರು ರಜೆಗೆ ಊರಿಗೆ ಹೋಗಿದ್ದಾರೆ. ತಿದ್ದುವವರಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದು, ಎರಡನೇ ಸಲ ಓದದೆ ಅಂಟಿಸಿದೆ. ನೆನಪಿನಿಂದ ಇಲ್ಲಿ ಬರೆಯುತ್ತೇನೆ.

'ಬೆನಿಲ್ದೆ, ಹಿಂದಿನ ಕಾಗದದಲ್ಲಿ ಸುಳ್ಳು ಬರೆದಿದ್ದೆ. ಅಪ್ಪ ಹೇಳಲಿಲ್ಲ. ನಾನು ಬಾರಿಸಿದೆ. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಬೆಳಿಗ್ಗೆ ಕೈ ಚಾಚಿದರೆ ನಿನ್ನ ಕಡೆ ತಣ್ಣಗಿತ್ತು. ಹೋಗುವುದು ಹೋದೆ, ನನಗೆ ಒಂದು ಮಾತು ಹೇಳಲಿಲ್ಲ. ಅದಕ್ಕೆ ಬಾರಿಸಿದೆ. ದೇವರಿಗಾಗಿ ಅಲ್ಲ, ಅಪ್ಪನ ಮರ್ಯಾದೆಗಾಗಿ ಅಲ್ಲ. ನಿನಗೆ ಕೇಳಿಸಬೇಕು ಎಂದು ಬಾರಿಸಿದೆ. ಅಮ್ಮ ಹೆಚ್ಚು ದಿನ ಇರುವುದಿಲ್ಲ. ನನ್ನನ್ನು ನೋಡುವುದು ಬೇಡವಾದರೆ ನೀನು ಇರುವಷ್ಟು ದಿನ ನಾನು ಕಸಿಲ್ದಾಳ ಮನೆಯಲ್ಲಿರುತ್ತೇನೆ. ಬರುತ್ತೀಯೋ ಇಲ್ಲವೋ, ಒಂದೇ ಪದ ಬರೆ. ಒನೆಸಿಮಾ.'

ಲೆಸ್ಮೆಸ್ ರೊಟ್ಟಿ ಕೊಟ್ಟು ಲಕೋಟೆ ತೆಗೆದುಕೊಂಡ. "ಇದು ಹಿಂದಿನದಕ್ಕಿಂತ ಭಾರ ಇದೆ" ಎಂದ. ಇಲ್ಲ, ಒಂದೇ ಹಾಳೆ.

ಏಪ್ರಿಲ್ ೪, ಪವಿತ್ರ ಗುರುವಾರ

ಸಂಜೆ ಪೂಜೆಯಲ್ಲಿ ದೇವರ ಮಹಿಮೆಯ ಗೀತೆಗೆ ಎರಡೂ ಗಂಟೆ ಬಾರಿಸಿ, ಕೆಳಗಿಳಿಯುವ ಮೊದಲು ಅವುಗಳ ನಾಲಿಗೆಗಳನ್ನು ಬಟ್ಟೆಯಿಂದ ಕಟ್ಟಿದೆ. ಇನ್ನು ಯೇಸುಸ್ವಾಮಿ ಎದ್ದ ಪಾಸ್ಖದ ಬೆಳಗಿನವರೆಗೆ ಗಂಟೆ ಮಾತಾಡುವಂತಿಲ್ಲ. ಕರೆಯುವುದಕ್ಕೆಲ್ಲ ಮರದ ಗಿಲಕಿ.

ಅಮ್ಮ ಮಧ್ಯಾಹ್ನದಿಂದ ನೀರು ನುಂಗುತ್ತಿಲ್ಲ. ಪಾದ್ರಿಗಳು ಬಂದು ಕೊನೆಗಾಲದ ತೈಲ ಹಚ್ಚಿ ಹೋದರು. ಹೊರಗಿನ ಸದ್ದಿಗೆಲ್ಲ ಬಾಗಿಲ ಕಡೆ ಕಣ್ಣು ಹೊರಳಿಸುತ್ತಾಳೆ. "ಬಂದ್ಲಾ?"

"ದಾರೀಲಿದ್ದಾಳೆ ಅಮ್ಮ" ಎಂದೆ.

ಇನ್ನೊಂದು ಸುಳ್ಳು. ಇದನ್ನು ನಿವೇದಿಸುವುದಿಲ್ಲ.

ಏಪ್ರಿಲ್ ೫, ಶುಭ ಶುಕ್ರವಾರ

ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಹೋದಳು. ನಾನು ಹುಲ್ಲು ತುರುಕಲು ಕೆಳಗೆ ಹೋಗಿದ್ದೆ. ಬಂದಾಗ ಇರಲಿಲ್ಲ. ಕೈ ಇನ್ನೂ ಬೆಚ್ಚಗಿತ್ತು.

ಕಸಿಲ್ದಾ ಬಂದು ಬಟ್ಟೆ ತೊಡಿಸಲು ಕೈ ಕೊಟ್ಟಳು. ಕೈಗೆ ಜಪಸರ ಸುತ್ತಿದೆವು. ಆಮೇಲೆ ಅಭ್ಯಾಸದಿಂದ ಮೊಳೆಯ ಮೇಲಿನ ಬೀಗದ ಕೈಗೆ ಕೈ ಹಾಕಿದೆ.

"ಇವತ್ತು ಆಗಲ್ಲ ಕಣೇ" ಎಂದಳು ಕಸಿಲ್ದಾ.

ಹೌದು. ಯೇಸುಸ್ವಾಮಿ ಸತ್ತ ದಿನ ಬೇರೆ ಯಾರಿಗೂ ಗಂಟೆ ಇಲ್ಲ. ಬದುಕಿದ್ದ ಮಗಳಿಗೆ ಬಾರಿಸಿದೆ. ಸತ್ತ ತಾಯಿಗೆ ಬಾರಿಸುವಂತಿಲ್ಲ. ನಾನು ಗಿಲಕಿ ಹಿಡಿದು ಮೂರು ಬೀದಿ ತಿರುಗಿದೆ. ಕಪ್ಪೆ ವಟಗುಟ್ಟಿದ ಹಾಗೆ ಸದ್ದು. ಜನ ಇಗರ್ಜಿಗೆ ಕರೆಯುತ್ತಿದ್ದೇನೆ ಎಂದುಕೊಂಡು, ಇಷ್ಟು ಬೇಗ ಯಾಕೆ ಎಂದು ಕಿಟಕಿಯಿಂದ ಬಗ್ಗಿದರು. ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಬೇಕಾಯಿತು, ಅಮ್ಮ ಹೋದಳು, ಅಮ್ಮ ಹೋದಳು ಎಂದು.

ಕಸಿಲ್ದಾ ಹೆಂಡದಂಗಡಿಯ ಫೋನಿನಿಂದ ಲೆಸ್ಮೆಸ್‌ಗೆ ಹೇಳಿದಳು, ಅವನು ಬರಕಾಲ್ದೊದ ಭಾವನಿಗೆ.

ಏಪ್ರಿಲ್ ೬, ಶನಿವಾರ

ಮಧ್ಯಾಹ್ನ ಮಣ್ಣು ಮಾಡಿದೆವು. ಪೂಜೆ ಇಲ್ಲ, ಹಾಡಿಲ್ಲ, ಗಂಟೆ ಇಲ್ಲ. ದೋನ್ ಅಬುಂದಿಯೋ ಓದಿದ್ದು, ಮಣ್ಣು ಬಿದ್ದದ್ದು ಅಷ್ಟೇ ಕೇಳಿಸಿತು. ಅಪ್ಪನ ಪಕ್ಕದಲ್ಲಿ. ಎಲ್ಲರೂ ಹೋದ ಮೇಲೆ ಅಪ್ಪನಿಗೆ ಹೇಳಬೇಕಾದ್ದನ್ನು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆನಿಲ್ದೆ ಬರಲಿಲ್ಲ. ಸ್ಮಶಾನದ ಗೇಟಿನ ಹತ್ತಿರ ಲೆಸ್ಮೆಸ್ ಟೋಪಿ ತಿರುಗಿಸುತ್ತಾ ನಿಂತಿದ್ದ.

"ಭಾವ ಹೋಗಿ ಹೇಳಿದ್ನಂತೆ ತಾಯಿ. ಬಾಗಿಲು ತೆಗೆದ್ಲಂತೆ. ತಲೆ ಬೆಳ್ಳಗಾಗಿದೆಯಂತೆ. ಗಂಡ ಹೋಗಿ ಮೂರು ವರ್ಷ ಆಯ್ತಂತೆ, ಒಬ್ಳೇ ಇರೋದಂತೆ."

"ಏನಂದ್ಲು?"

"ಏನೂ ಅನ್ಲಿಲ್ವಂತೆ. ಬಾಗಿಲು ಹಾಕೋಕೆ ಹೋದೋಳು ನಿಂತು, ಗಂಟೆ ಯಾರು ಬಾರಿಸಿದ್ರು ಅಂತ ಕೇಳಿದ್ಲಂತೆ."

"ನಿನ್ನ ಭಾವ ಏನು ಹೇಳ್ದ?"

"ಅವನಿಗೇನು ಗೊತ್ತು. ಗೊತ್ತಿಲ್ಲ ಅಂದ್ನಂತೆ. ಬಾಗಿಲು ಹಾಕ್ಕೊಂಡ್ಲಂತೆ."

ಕಾಗದ ಮುಟ್ಟಿತ್ತೇ, ಓದಿದ್ದಳೇ ಎಂದು ಕೇಳಿದೆ. ಅದೂ ಅವನಿಗೆ ಗೊತ್ತಿಲ್ಲ.

ಏಪ್ರಿಲ್ ೭, ಪಾಸ್ಖ

ಬೆಳಿಗ್ಗೆ ಗೋಪುರ ಹತ್ತಿ ಬಟ್ಟೆ ಬಿಚ್ಚಿ ಎರಡೂ ಗಂಟೆ ಬಾರಿಸಿದೆ. ಕ್ರಿಸ್ತರು ಎದ್ದಿದ್ದಾರೆ. ನಂಬುತ್ತೇನೆ. ಆದರೆ ತೋಳು ಕಲ್ಲಿನ ಹಾಗಿತ್ತು, ಹಬ್ಬದ ಗಂಟೆ ಹಬ್ಬದ ಹಾಗೆ ಬರಲಿಲ್ಲ. ಒಬ್ಬಳೇ ಎರಡು ಹಗ್ಗ ಎಳೆಯುವುದು ಇಷ್ಟು ವರ್ಷದಲ್ಲಿ ಇವತ್ತೇ ಭಾರವೆನಿಸಿದ್ದು.

ಪೂಜೆಯ ಮೇಲೆ ದೋನ್ ಅಬುಂದಿಯೋ ಹತ್ತಿರ ಬಂದು, "ನಾಳೆ ಬೆಳಿಗ್ಗೆ ಅಮ್ಮನ ಗಂಟೆ ಬಾರಿಸಬಹುದು ಮಗಳೇ, ಅಡ್ಡಿ ಇಲ್ಲ" ಎಂದರು.

ಆಗಲಿ ಎಂದು ತಲೆಯಾಡಿಸಿದೆ.

ಏಪ್ರಿಲ್ ೮, ಸೋಮವಾರ

ಹತ್ತಿದೆ. ದೊಡ್ಡ ಗಂಟೆಯ ಹಗ್ಗ ಕೈಗೆ ತೆಗೆದುಕೊಂಡೆ. ಎರಡು ಏಟು. ಅಷ್ಟೇ ತಾನೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಎಷ್ಟು ಸಲೀಸಾಗಿ ಎಳೆದಿದ್ದೆ.

ಕೆಳಗಿನ ರಸ್ತೆ ಕಾಣಿಸುತ್ತಿತ್ತು. ಬಸ್ಸು ನಿಲ್ಲುವ ಕಲ್ಲು ಕೂಡ.

ಹಗ್ಗವನ್ನು ಗೋಡೆಯ ಗೂಟಕ್ಕೆ ಕಟ್ಟಿ ಇಳಿದು ಬಂದೆ. ಊರಿನವರು ನನಗೆ ಮರೆವು ಎಂದಾರು, ಹಟ ಎಂದಾರು. ಅನ್ನಲಿ.

ಏಪ್ರಿಲ್ ೯, ಮಂಗಳವಾರ

ಒಲೆಗೆ ಹುಲ್ಲು ತುರುಕಿದೆ. ಕೋಳಿ ಬಿಟ್ಟೆ. ಅಮ್ಮನ ಹಾಸಿಗೆ ಬಿಸಿಲಿಗೆ ಹಾಕಿದೆ. ನನ್ನ ಮಂಚದ ಇನ್ನೊಂದು ಬದಿಗೂ ಒಗೆದ ಹೊದಿಕೆ ಹಾಸಿದೆ, ಯಾಕೆಂದು ಕೇಳಿದರೆ ನನಗೂ ಗೊತ್ತಿಲ್ಲ.

ಮೂರನೆಯ ಕಾಗದ:

'ಬೆನಿಲ್ದೆ, ಗಂಟೆ ಯಾರು ಬಾರಿಸಿದರು ಎಂದು ಕೇಳಿದೆಯಂತೆ. ಯಾರೂ ಬಾರಿಸಿಲ್ಲ. ಅಮ್ಮ ಹೋದದ್ದು ಗಂಟೆ ಕಟ್ಟಿದ್ದ ದಿನ. ಈಗ ಬಿಚ್ಚಿದೆ, ಆದರೂ ಅಮ್ಮನ ಗಂಟೆ ನಾನು ಬಾರಿಸಿಲ್ಲ. ನಿನ್ನ ಕೈಗೆ ಬಿಟ್ಟಿ‍ದ್ದೇನೆ. ನೀನು ಬಂದು ಬಾರಿಸು. ಬರುವುದಿಲ್ಲ ಎಂದರೆ ಅದನ್ನಾದರೂ ಬರೆ, ಆಮೇಲೆ ನಾನು ಬಾರಿಸುತ್ತೇನೆ, ನಿನ್ನ ಹಾಗೆ ನಿಧಾನವಾಗಿ. ಒನೆಸಿಮಾ.'

ಲೆಸ್ಮೆಸ್ ಬರುವ ಹೊತ್ತಿಗೆ ನಾನು ನಡುಹಗಲ ಗಂಟೆಗೆಂದು ಗೋಪುರದಲ್ಲಿರುತ್ತೇನೆ. ಅವನಿಗೆ ಒಂದು ಚೀಟಿ ಬರೆದು ಕಾಗದದ ಜೊತೆ ಬಾಗಿಲಿಗೆ ಸಿಕ್ಕಿಸುತ್ತೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ತಪ್ಪಿದ್ದರೆ ಇಲ್ಲೇ ಇರಲಿ.

'ಲೆಸ್ಮೆಸ್, ಇದನ್ನು ಇವತ್ತೇ ಹಾಕು. ದೊಡ್ಡೂರಿನಲ್ಲಿ ಹಬ್ಬಕ್ಕೆ ಮುಚ್ಚಿದ ಅಂಚೆ ಕಿಟಕಿ ಇವತ್ತು ತೆಗೆದಿರುತ್ತಾರೆ. ಹಿಂದಿನ ಕಾಗದಕ್ಕೆ ಬರಕಾಲ್ದೊದಿಂದ ಉತ್ತರ ಬಂದಿದೆಯೇ ಎಂದು ನೀನೇ ಒಳಗೆ ಹೋಗಿ ಕೇಳು, ಚೀಲದ ತಳದವರೆಗೂ ನೋಡಲು ಹೇಳು. ಬಂದಿದ್ದರೆ ಗುರುವಾರದವರೆಗೆ ಇಟ್ಟುಕೊಳ್ಳಬೇಡ, ರೊಟ್ಟಿ ಇಲ್ಲದಿದ್ದರೂ ಗುಡ್ಡ ಹತ್ತಿ ತಂದುಕೊಡು. ಒಂದೇ ಪದ ಇದ್ದರೂ ತಾ. ನಾನು ಮನೆಯಲ್ಲಿ ಕಾಣದಿದ್ದರೆ ಗೋಪುರದ ಕೆಳಗೆ ನಿಂತು ಕೂಗು.'